ಟ್ಯಾಂಕ್ ತುಂಬಿದರೂ ನಿಲ್ಲದ ಮೋಟರ್: ವೈರ್‌ಲೆಸ್ ಕಂಟ್ರೋಲರ್‌ನ ರಿಪೇರಿ ದಾಖಲೆ

ರಿಪೇರಿಗೆ ಬಂದ ಸೆಟ್ ಇದು. ಸಂಪಿನಿಂದ ಎರಡನೇ ಮಹಡಿಯ ಮೇಲಿನ 1000 ಲೀಟರ್ ಟ್ಯಾಂಕಿಗೆ ನೀರೆತ್ತುವ 1 ಎಚ್‌ಪಿ ಸಿಂಗಲ್ ಫೇಸ್ ಮೋಟರ್. ಟ್ಯಾಂಕಿನ ಬಳಿ ಫ್ಲೋಟ್ ಸ್ವಿಚ್ ಮತ್ತು 433.92 ಮೆಗಾಹರ್ಟ್ಸ್‌ನ ಟ್ರಾನ್ಸ್‌ಮಿಟರ್. ಕೆಳಗೆ ತಗಡಿನ ಸ್ಟಾರ್ಟರ್ ಡಬ್ಬಿಯೊಳಗೆ ರಿಸೀವರ್, ರಿಲೇ, ಮತ್ತು ಮೋಟರ್‌ನ ಕರೆಂಟ್ ಹಾಕಿ ತೆಗೆಯುವ ದೊಡ್ಡ ಸ್ವಿಚ್ ಆದ ಕಾಂಟ್ಯಾಕ್ಟರ್. ದೂರು ಎರಡು. ಹಗಲಲ್ಲಿ ಎಲ್ಲ ಸರಿ, ಸಂಜೆ ದೀಪ ಹಾಕಿದ ಮೇಲೆ ಟ್ಯಾಂಕ್ ತುಂಬಿ ಹರಿದರೂ ಮೋಟರ್ ನಿಲ್ಲುವುದಿಲ್ಲ. ಇನ್ನು ಕೆಲವೊಮ್ಮೆ ನಿಂತ ಮರುಕ್ಷಣವೇ ತಾನಾಗಿ ಮತ್ತೆ ಚಾಲೂ ಆಗುತ್ತದೆ.

ಇಂಥ ಕಡೆ ಸಾಮಾನ್ಯವಾಗಿ ಸಿಗುವ ಸಲಹೆ "ಪವರ್ ಜಾಸ್ತಿ ಇರುವ ಟ್ರಾನ್ಸ್‌ಮಿಟರ್ ಹಾಕಿ" ಎಂಬುದು. ಅದು ಬೇಡ. ಸಿಗ್ನಲ್ ಸಾಕಷ್ಟು ಬರುತ್ತಿದೆ, ಇಲ್ಲವಾದರೆ ಹಗಲಲ್ಲೂ ಕೆಲಸ ಮಾಡುತ್ತಿರಲಿಲ್ಲ. ರಿಸೀವರ್ ಪಕ್ಕದಲ್ಲೇ ಎದ್ದಿರುವ ರೇಡಿಯೊ ಗದ್ದಲದಲ್ಲಿ, ಅಂದರೆ ವಿದ್ಯುತ್ ಸಾಮಾನುಗಳು ಹೊರಸೂಸುವ ಬೇಡದ ತರಂಗಗಳಲ್ಲಿ, ಆ ಸಿಗ್ನಲ್ ಮುಳುಗುತ್ತಿದೆ, ಅಷ್ಟೇ. ಪವರ್ ಏರಿಸಿದರೆ ಅಕ್ಕಪಕ್ಕದ ಮನೆಯ ಗೇಟ್ ರಿಮೋಟ್, ಕಾರಿನ ಕೀ, ಕಾಲಿಂಗ್ ಬೆಲ್ ಕೆಡುತ್ತವೆ. ಅವುಗಳಲ್ಲಿ ಬಹಳಷ್ಟು ಇದೇ 433ರ ಆಸುಪಾಸಿನಲ್ಲೇ ಇರುತ್ತವೆ. ಕಾನೂನಿನ ಮಿತಿಯೂ ದಾಟುತ್ತದೆ.

ಗದ್ದಲದ ಮೂಲ ಹುಡುಕುವುದು

ಮೊದಲ ಸಾಧನ ಬ್ಯಾಟರಿಯಲ್ಲಿ ನಡೆಯುವ ಸಣ್ಣ ಮೀಡಿಯಂ ವೇವ್ ರೇಡಿಯೊ. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಸ್, ಧಾರವಾಡ 765. ನಿಮ್ಮ ಊರಿಗೆ ಬರುವ ಸ್ಟೇಷನ್ ಬಿಟ್ಟು ಆಚೀಚೆ ಖಾಲಿ ಜಾಗಕ್ಕೆ ಮುಳ್ಳು ತಿರುಗಿಸಿ, ವಾಲ್ಯೂಮ್ ಏರಿಸಿ ಕೇಳಿ. ಒಂದು ಎಚ್ಚರ: ಆಕಾಶವಾಣಿಯ ಡಿಆರ್‌ಎಂ ಡಿಜಿಟಲ್ ಪ್ರಸಾರ ಸಾಮಾನ್ಯ ರೇಡಿಯೊದಲ್ಲಿ ಸಮನಾದ ಭೋರೆಂಬ ಸದ್ದಾಗಿ ಕೇಳುತ್ತದೆ. ಅದನ್ನು ಮನೆಯ ಗದ್ದಲ ಎಂದುಕೊಂಡು ಹುಡುಕಲು ಹೊರಟರೆ ಸಂಜೆಯೆಲ್ಲ ವ್ಯರ್ಥ. ಮನೆಯ ಕರೆಂಟ್ ತೆಗೆದರೂ ಸದ್ದು ಕಿಂಚಿತ್ತೂ ಬದಲಾಗದಿದ್ದರೆ ಬೇರೆ ಜಾಗಕ್ಕೆ ಟ್ಯೂನ್ ಮಾಡಿ ನೋಡಿ.

ಈಗ ಮೇನ್ ಸ್ವಿಚ್ ಆಫ್ ಮಾಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಅದರ ಸ್ವಿಚ್‌ನಲ್ಲೇ ಆರಿಸಬೇಕು. ಮೇನ್ ಮಾತ್ರ ತೆಗೆದರೆ ಯುಪಿಎಸ್ ಎದ್ದು ಕೂರುತ್ತದೆ. ದೀಪದ ಲೈನ್‌ಗಳೆಲ್ಲ ಜೀವಂತವಾಗಿಯೇ ಇರುತ್ತವೆ, ಮೇಲೆ ಯುಪಿಎಸ್‌ನ ಗದ್ದಲವೂ ಸೇರಿ ಪರೀಕ್ಷೆ ಅರ್ಥ ಕಳೆದುಕೊಳ್ಳುತ್ತದೆ. ಎರಡೂ ಆರಿದ ಮೇಲೆ ರೇಡಿಯೊ ಶಾಂತವಾದರೆ ಮೂಲ ಮನೆಯೊಳಗಿದೆ. ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋಗಿ, ಸದ್ದು ಮರಳಿದ ಲೈನ್‌ನಲ್ಲಿ ಒಂದೊಂದೇ ಪ್ಲಗ್ ಕಿತ್ತು ನೋಡಿ. ಶಾಂತವಾಗದೆ ಒರಟಾದ 'ಜರ್ರ್' ಉಳಿದು, ಕಂಬದ ಕಡೆ ಹೋದಷ್ಟೂ ಏರಿದರೆ ಸಡಿಲ ಜಂಪರ್ ಅಥವಾ ಬಿರುಕುಬಿಟ್ಟ ಇನ್ಸುಲೇಟರ್ ಇರಬಹುದು. ಕಂಬಕ್ಕೆ ಕೈ ಹಾಕಬೇಡಿ, 1912ಕ್ಕೆ ದೂರು ಕೊಡಿ.

ರೇಡಿಯೊದೊಳಗಿನ ಫೆರೈಟ್ ಸಲಾಕೆಗೆ ದಿಕ್ಕು ಗೊತ್ತಾಗುತ್ತದೆ: ಸಲಾಕೆಯ ತುದಿ ಮೂಲದ ಕಡೆ ಇದ್ದಾಗ ಸದ್ದು ಅತಿ ಕಡಿಮೆ. ಬಯಲಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಮನೆಯೊಳಗೆ ಗದ್ದಲ ವೈರಿಂಗ್ ಹಿಡಿದು ಹರಡಿರುವುದರಿಂದ ಗೋಡೆಯೊಳಗಿನ ಪೈಪ್ ಕೂಡ ಮೂಲದ ಹಾಗೆ ತೋರುತ್ತದೆ. ಒಳಗೆ ದಿಕ್ಕಿಗಿಂತ ಹತ್ತಿರವನ್ನು ನಂಬಿ. ವಾಲ್ಯೂಮ್ ಇಳಿಸಿ, ರೇಡಿಯೊವನ್ನು ಒಂದೊಂದು ಸಾಮಾನಿನ ಪಕ್ಕ ಹಿಡಿಯುತ್ತ ಹೋಗಿ.

ಮೀಡಿಯಂ ವೇವ್ ರೇಡಿಯೊ ಹೇಳುವುದು ಯಾವ ಸಾಮಾನು ಕೊಳಕು ಎಂಬುದನ್ನಷ್ಟೇ. ಅದು 433ರಲ್ಲೂ ತೊಂದರೆ ಕೊಡುತ್ತಿದೆಯೇ ಎಂದು ನೋಡಲು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಬೇಕು, ಅಂದರೆ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ರೇಡಿಯೊ ತರಂಗಗಳನ್ನು ಪರದೆಯಲ್ಲಿ ನೋಡುವ ಸಣ್ಣ ರಿಸೀವರ್. ಆರ್820ಟಿ2 ಟ್ಯೂನರ್ ಇರುವುದು ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ತೋರಿಸುತ್ತದೆ. ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ಇರಲಿ, ಅದರ ಚಾರ್ಜರೇ ಒಂದು ಗದ್ದಲದ ಮೂಲ. ಪರದೆಯಲ್ಲಿ ತೆಳುವಾದ ಗೆರೆ ಕಂಡರೆ ಅದು ಇನ್ನೊಂದು ಟ್ರಾನ್ಸ್‌ಮಿಟರ್, ಉದಾಹರಣೆಗೆ ಬಟನ್ ಒತ್ತಿಹಿಡಿದಂತೆ ಸಿಕ್ಕಿಕೊಂಡ ರಿಮೋಟ್. ಅಗಲವಾಗಿ ಮಂಜು ಕವಿದಂತೆ ತಳಮಟ್ಟವೇ ಮೇಲೆದ್ದರೆ ಅದು ಸ್ವಿಚಿಂಗ್ ಗದ್ದಲ. ಇಲ್ಲಿ ಕಂಡದ್ದು ಎರಡನೆಯದು, ಪೋರ್ಟಿಕೊದ ಬಲ್ಬ್ ಹೊತ್ತಿಸಿದ ಕ್ಷಣದಲ್ಲೇ.

ಸಿಕ್ಕ ತಪ್ಪುಗಳು

ರಿಸೀವರ್‌ಗೆ ಕರೆಂಟ್ ಕೊಡುತ್ತಿದ್ದ 12 ವೋಲ್ಟ್ ಅಡಾಪ್ಟರ್ ಕೈಯಲ್ಲಿ ಹಿಡಿದರೆ ಹಗುರ. ಬಿಚ್ಚಿ ನೋಡಿದರೆ ಬೋರ್ಡ್ ಮೇಲೆ ಫಿಲ್ಟರ್ ಕಾಯಿಲ್‌ಗೆ ಜಾಗ ಇದೆ, ಅದರ ಚಿತ್ರವೂ ಅಚ್ಚಾಗಿದೆ, ಆದರೆ ಕಾಯಿಲ್ ಇರಬೇಕಾದಲ್ಲಿ ಎರಡು ತುಂಡು ತಂತಿ ಬೆಸುಗೆ ಹಾಕಿದ್ದಾರೆ. ಲೈನ್ ಮತ್ತು ನ್ಯೂಟ್ರಲ್ ನಡುವೆ ಗದ್ದಲ ತಡೆಯುವ ಎಕ್ಸ್ ಕೆಪಾಸಿಟರ್‌ನ ತೂತುಗಳು ಖಾಲಿ. ಹತ್ತಾರು ಕಿಲೋಹರ್ಟ್ಸ್‌ನಲ್ಲಿ ಸ್ವಿಚ್ ಆಗುವ ಸರ್ಕ್ಯೂಟ್‌ನಿಂದ ಈ ಎರಡು ಭಾಗ ತೆಗೆದುಬಿಟ್ಟರೆ ಅದರ ಹಾರ್ಮೋನಿಕ್‌ಗಳು (ಹಲವು ಪಟ್ಟು ಫ್ರೀಕ್ವೆನ್ಸಿಯ ತರಂಗಗಳು) ಒಂದು ಕಡೆ ಮನೆಯ ವೈರಿಂಗ್‌ಗೆ, ಇನ್ನೊಂದು ಕಡೆ ರಿಸೀವರ್‌ನ ಸಪ್ಲೈಗೆ ನೇರವಾಗಿ ನುಗ್ಗುತ್ತವೆ. ಅಡಾಪ್ಟರ್ ಬಿಚ್ಚುವವರಿಗೆ: ಪ್ಲಗ್ ಕಿತ್ತ ಮೇಲೂ ಒಳಗಿನ 400 ವೋಲ್ಟ್ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಹೆಚ್ಚು ಉಳಿದಿರಬಹುದು. ಚೆನ್ನಾಗಿ ಇನ್ಸುಲೇಟ್ ಮಾಡಿದ 10 ಕಿಲೋಓಮ್, 5 ವ್ಯಾಟ್ ರೆಸಿಸ್ಟರ್‌ನಿಂದ ಖಾಲಿ ಮಾಡಿ, ಮೀಟರ್‌ನಲ್ಲಿ ಸೊನ್ನೆ ನೋಡಿಯೇ ಮುಟ್ಟಿ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವುದು ಬೇಡ. ಅಡಾಪ್ಟರ್ ಮೇಲಿನ ಬಿಐಎಸ್ ನೋಂದಣಿ ಸಂಖ್ಯೆ ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು, ರೇಡಿಯೊ ಗದ್ದಲ ಇಲ್ಲ ಎಂಬ ಖಾತರಿಯಲ್ಲ.

ಪೋರ್ಟಿಕೊದ 9 ವ್ಯಾಟ್ ಎಲ್ಇಡಿ ಬಲ್ಬ್ ಸ್ಟಾರ್ಟರ್ ಡಬ್ಬಿಗೆ ಒಂದು ಮೊಳದ ದೂರದಲ್ಲೇ ಇತ್ತು. ಅದರ ವೈರ್ ಮತ್ತು ಡಬ್ಬಿಯಿಂದ ಹೊರಬಂದ ಆಂಟೆನಾ ತಂತಿ ಎರಡನ್ನೂ ಒಂದೇ ಟೇಪ್‌ನಲ್ಲಿ ಸುತ್ತಿದ್ದರು. ಸಂಜೆಯ ದೂರಿಗೆ ಮುಖ್ಯ ಕಾರಣ ಇದೇ. ಉಳಿದ ಆಂಟೆನಾ ಭಾಗ ತಗಡಿನ ಡಬ್ಬಿಯೊಳಗೆ ಸುರುಳಿಯಾಗಿ ಕೂತಿತ್ತು, ಅಂದರೆ ಹೊರಗಿನ ಸಿಗ್ನಲ್‌ಗೆ ಬಾಗಿಲು ಮುಚ್ಚಿ ಒಳಗಿನ ಗದ್ದಲಕ್ಕೆ ತೆರೆದಿಟ್ಟಂತೆ.

ರಿಸೀವರ್ ಸೂಪರ್ ರೀಜನರೇಟಿವ್ ಬಗೆಯದು. ಗುರುತಿಸುವುದು ಸುಲಭ: ಬೋರ್ಡ್ ಮೇಲೆ ತಿರುಗಿಸುವ ಟ್ಯೂನಿಂಗ್ ಕಾಯಿಲ್ ಇರುತ್ತದೆ, ಲೋಹದ ಹೊದಿಕೆಯ ಕ್ರಿಸ್ಟಲ್ ಇರುವುದಿಲ್ಲ. ಅಗ್ಗ, ಆದರೆ ಬೇಕಾದ ಫ್ರೀಕ್ವೆನ್ಸಿಯ ಆಚೀಚೆ ಬಹಳ ಅಗಲವಾಗಿ ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ. 433ರಲ್ಲೇ ಮುಂದುವರಿಯುವ ಒಳಾಂಗಣದ ಕೆಲಸವಾದರೆ ಕ್ರಿಸ್ಟಲ್ ಇರುವ ಸೂಪರ್ ಹೆಟರೊಡೈನ್ ಮಾಡ್ಯೂಲ್ ಹಾಕಿದರೆ ಅರ್ಧ ಸಮಸ್ಯೆ ಮುಗಿಯುತ್ತದೆ.

ತಾನಾಗಿ ಮರುಚಾಲನೆಯಾಗಲು ಕಾರಣ ಕಾಂಟ್ಯಾಕ್ಟರ್‌ನ ಕಾಯಿಲ್. ರಿಲೇ ಬಿಟ್ಟಾಗ 230 ವೋಲ್ಟ್ ಕಾಯಿಲ್ ಸಾವಿರಾರು ವೋಲ್ಟ್‌ನ ಝಟಕಾ ಕೊಡಬಲ್ಲದು. ಆ ಕಿಡಿ ರಿಸೀವರ್‌ನ ಮೈಕ್ರೊಕಂಟ್ರೋಲರ್ ಅನ್ನು ರೀಸೆಟ್ ಮಾಡುತ್ತದೆ, ಪ್ರೋಗ್ರಾಮ್ ಮೊದಲಿನಿಂದ ಶುರುವಾಗಿ ಮೋಟರ್ ಹಾಕುತ್ತದೆ. ಕಾಯಿಲ್‌ನ ಎರಡು ಟರ್ಮಿನಲ್‌ಗೆ ಅಡ್ಡಲಾಗಿ 0.1 ಮೈಕ್ರೊಫ್ಯಾರಡ್, 275 ವೋಲ್ಟ್ ಎಸಿ ಎಕ್ಸ್2 ಕೆಪಾಸಿಟರ್ ಮತ್ತು 100 ಓಮ್, 1 ವ್ಯಾಟ್ ರೆಸಿಸ್ಟರ್ ಸೀರೀಸ್‌ನಲ್ಲಿ ಹಾಕಿ. ಪಕ್ಕದಲ್ಲಿ, ವೋಲ್ಟೇಜ್ ಮಿತಿ ಮೀರಿದಾಗ ಝಟಕಾ ಹೀರುವ 14ಡಿ471ಕೆ ವ್ಯಾರಿಸ್ಟರ್ ಒಂದು. ಇದು 300 ವೋಲ್ಟ್ ಎಸಿಯವರೆಗೆ ಸುಮ್ಮನಿರುತ್ತದೆ. ರಾತ್ರಿ 260 ದಾಟುವ ಹಳ್ಳಿಯ ಲೈನ್‌ಗಳಲ್ಲಿ 250 ವೋಲ್ಟ್ ದರ್ಜೆಯದನ್ನು ಹಾಕಿದರೆ ಬಿಸಿಯಾಗಿ ಸಿಡಿಯುತ್ತದೆ.

ಇದೇ ಕೆಪಾಸಿಟರ್-ರೆಸಿಸ್ಟರ್ ಜೋಡಿಯನ್ನು ಕಾಯಿಲ್ ಬದಲು ರಿಲೇ ಕಾಂಟ್ಯಾಕ್ಟ್‌ಗೆ ಅಡ್ಡ ಹಾಕುವವರಿದ್ದಾರೆ. ಕಾಂಟ್ಯಾಕ್ಟ್ ತೆರೆದಿದ್ದಾಗಲೂ ಆ ಕೆಪಾಸಿಟರ್ ಮೂಲಕ ಸುಮಾರು 7 ಮಿಲಿಆಂಪಿಯರ್ ಹರಿಯುತ್ತಲೇ ಇರುತ್ತದೆ. ಸಣ್ಣ ಎಸಿ ರಿಲೇ ಆದರೆ ಗುಂಯ್‌ಗುಟ್ಟುತ್ತದೆ ಇಲ್ಲವೇ ಬಿಡುವುದೇ ಇಲ್ಲ. ಮೋಟರ್ ನಿಲ್ಲಿಸುವ ಸರ್ಕ್ಯೂಟ್‌ನಲ್ಲಿ ಅದನ್ನು ಒಪ್ಪಲಾಗದು.

ಹೊಸ ಜೋಡಣೆ

ಮಹಡಿಯ ಮೇಲಿನ, ಅಂದರೆ ಹೊರಾಂಗಣದ ಕೆಲಸಕ್ಕೆ 865–867 ಮೆಗಾಹರ್ಟ್ಸ್ ಪಟ್ಟಿಗೆ ಬದಲಾಯಿಸುವುದು ಒಳ್ಳೆಯದು. ಭಾರತದಲ್ಲಿ 2005ರಿಂದ ಈ ಪಟ್ಟಿಗೆ ಲೈಸೆನ್ಸ್ ಬೇಡ. 1 ವ್ಯಾಟ್ ಟ್ರಾನ್ಸ್‌ಮಿಟರ್ ಶಕ್ತಿ, 4 ವ್ಯಾಟ್ ಇಆರ್‌ಪಿ (ಆಂಟೆನಾದ ಗಳಿಕೆ ಸೇರಿಸಿದ ಪ್ರಸಾರ ಶಕ್ತಿ), 200 ಕಿಲೋಹರ್ಟ್ಸ್ ಅಗಲ ಇವು ಮಿತಿಗಳು. ಆನ್‌ಲೈನ್‌ನಲ್ಲಿ 868 ಅಥವಾ 915 ಎಂದು ಬರೆದ ಲೋರಾ (ಕಡಿಮೆ ಶಕ್ತಿಯಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವ ರೇಡಿಯೊ) ಮಾಡ್ಯೂಲ್ ಸಿಗುತ್ತದೆ. 868ರದ್ದು ತೆಗೆದುಕೊಂಡು ಪ್ರೋಗ್ರಾಮ್‌ನಲ್ಲಿ ಫ್ರೀಕ್ವೆನ್ಸಿಯನ್ನು 866 ಮೆಗಾಹರ್ಟ್ಸ್‌ಗೆ ಇಡಿ. ಉದಾಹರಣೆ ಕೋಡ್‌ನಲ್ಲಿರುವ 915 ಅನ್ನು ಹಾಗೇ ಬಿಟ್ಟರೆ ಮೊಬೈಲ್ ಕಂಪನಿಗಳ ಫ್ರೀಕ್ವೆನ್ಸಿಯ ಮೇಲೆ ಪ್ರಸಾರ ಮಾಡಿದಂತಾಗುತ್ತದೆ. ಅದು ಅಪರಾಧ. ಮಾಡ್ಯೂಲ್ ಅಥವಾ ಸಾಧನಕ್ಕೆ ಡಬ್ಲ್ಯುಪಿಸಿಯ (ಕೇಂದ್ರ ಸರ್ಕಾರದ ರೇಡಿಯೊ ಪರವಾನಗಿ ವಿಭಾಗ) ಇಟಿಎ, ಅಂದರೆ ಸಾಧನದ ಅನುಮೋದನೆ ಪತ್ರ, ಇದೆಯೇ ಎಂದು ಕೊಳ್ಳುವಾಗ ಕೇಳಿ.

ಮೇಲಿನ ಡಬ್ಬಿಗೆ ಬೇಕಾದದ್ದು: ಎಸ್‌ಎಕ್ಸ್1276 ಲೋರಾ ಮಾಡ್ಯೂಲ್ 1, 3.3 ವೋಲ್ಟ್ 8 ಮೆಗಾಹರ್ಟ್ಸ್ ಪ್ರೊ ಮಿನಿ (ಆರ್ಡುಯಿನೊ ಮೈಕ್ರೊಕಂಟ್ರೋಲರ್ ಬೋರ್ಡ್) 1, 18650 ಲಿಥಿಯಂ ಸೆಲ್, 5 ವೋಲ್ಟ್ ಸೋಲಾರ್ ಪ್ಯಾನಲ್, ಪ್ರೊಟೆಕ್ಷನ್ ಇರುವ ಟಿಪಿ4056 ಚಾರ್ಜರ್ ಬೋರ್ಡ್, ಎಂಸಿಪಿ1700-3302 ರೆಗ್ಯುಲೇಟರ್, ಮಾಡ್ಯೂಲ್‌ನ ಸಪ್ಲೈ ಕಾಲಿಗೆ ಅಂಟಿದಂತೆ 100 ಮೈಕ್ರೊಫ್ಯಾರಡ್ ಮತ್ತು 0.1 ಮೈಕ್ರೊಫ್ಯಾರಡ್. ಟಿಪಿ4056 ಲೀನಿಯರ್ ಚಾರ್ಜರ್ ಆದ್ದರಿಂದ ಸ್ವಿಚಿಂಗ್ ಗದ್ದಲವೇ ಇಲ್ಲ. ರೆಗ್ಯುಲೇಟರ್ ಬದಲಿಗೆ ಎಲ್ಲೆಡೆ ಸಿಗುವ ಎಎಂಎಸ್1117 ಹಾಕಬೇಡಿ: ಅದಕ್ಕೆ ಔಟ್‌ಪುಟ್‌ಗಿಂತ 1 ವೋಲ್ಟ್‌ಗೂ ಹೆಚ್ಚು ಇನ್‌ಪುಟ್ ಬೇಕು, ಸೆಲ್ 4.2 ತುಂಬಿದಾಗಲೂ ಸಾಲದು. ಜೊತೆಗೆ ಸುಮ್ಮನಿದ್ದಾಗಲೂ ಕೆಲವು ಮಿಲಿಆಂಪಿಯರ್ ತಿನ್ನುತ್ತದೆ. ಬಿಸಿಲಿಗೆ ಕಾದ ಡಬ್ಬಿಯಲ್ಲಿ ಲಿಥಿಯಂ ಸೆಲ್ ಚಾರ್ಜ್ ಆಗಬಾರದು, 45 ಡಿಗ್ರಿ ಮಿತಿ. ಬಿಳಿ ಡಬ್ಬಿಯನ್ನು ಟ್ಯಾಂಕಿನ ನೆರಳಲ್ಲಿಟ್ಟು ಪ್ಯಾನಲ್ ಮತ್ತು ಆಂಟೆನಾವನ್ನು ಮಾತ್ರ ಹೊರಗೆ ತನ್ನಿ.

ಎಸ್‌ಎಕ್ಸ್1276ರ ಕಾಲುಗಳು 3.3 ವೋಲ್ಟ್‌ನವು. 5 ವೋಲ್ಟ್‌ನ ಆರ್ಡುಯಿನೊ ಊನೊ ಬೋರ್ಡ್‌ಗೆ ನೇರ ಜೋಡಿಸಿದರೆ ಇಂದಲ್ಲ ನಾಳೆ ಸುಡುತ್ತದೆ. ಊನೊದ 3.3 ವೋಲ್ಟ್ ಪಿನ್ ಕೊಡಬಲ್ಲದ್ದು 50 ಮಿಲಿಆಂಪಿಯರ್. 20 ಡಿಬಿಎಂ (100 ಮಿಲಿವ್ಯಾಟ್) ಶಕ್ತಿಯಲ್ಲಿ ಪ್ರಸಾರ ಮಾಡುವಾಗ ಮಾಡ್ಯೂಲ್ 120 ಕೇಳುತ್ತದೆ. "ಕಳಿಸುವ ಹೊತ್ತಿಗೇ ಹ್ಯಾಂಗ್ ಆಗುತ್ತದೆ" ಎಂಬ ದೂರಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಆಂಟೆನಾ ಇಲ್ಲದೆ ಪ್ರಸಾರಕ್ಕೆ ಹಾಕಲೇಬೇಡಿ.

ಶಕ್ತಿಯನ್ನು 10 ಡಿಬಿಎಂಗೆ, ಅಂದರೆ 10 ಮಿಲಿವ್ಯಾಟ್‌ಗೆ ಇಟ್ಟರೆ ಎರಡು ಆರ್‌ಸಿಸಿ ಛಾವಣಿ ದಾಟಲು ಧಾರಾಳ. ಸ್ಪ್ರೆಡಿಂಗ್ ಫ್ಯಾಕ್ಟರ್ (ಏರಿಸಿದಷ್ಟೂ ಸಂದೇಶ ದೂರ ಹೋಗುವ, ಆದರೆ ನಿಧಾನವಾಗುವ ಸೆಟ್ಟಿಂಗ್) 7, ಬ್ಯಾಂಡ್‌ವಿಡ್ತ್ 125 ಕಿಲೋಹರ್ಟ್ಸ್. ಈ ಸೆಟ್ಟಿಂಗ್‌ನಲ್ಲಿ 10 ಬೈಟ್‌ನ ಒಂದು ಸಂದೇಶ ಗಾಳಿಯಲ್ಲಿರುವುದು ಸುಮಾರು 41 ಮಿಲಿಸೆಕೆಂಡ್. ಅದನ್ನೇ ಫ್ಯಾಕ್ಟರ್ 12ಕ್ಕೆ ಏರಿಸಿದರೆ ಹೆಚ್ಚುಕಡಿಮೆ ಒಂದು ಸೆಕೆಂಡ್ ಇಡೀ ಚಾನಲ್ ಹಿಡಿದು ಕೂರುತ್ತದೆ. ಮೂವತ್ತು ಮೀಟರ್‌ಗೆ ಅದು ಬೇಕಿಲ್ಲ. ಬೀದಿಯಲ್ಲಿ ಇನ್ನೂ ನಾಲ್ಕು ಮನೆಯವರು ಇದೇ ಪಟ್ಟಿ ಬಳಸಬಹುದು.

ಕೆಳಗಿನ ರಿಸೀವರ್‌ಗೆ ಹಗುರ ಅಡಾಪ್ಟರ್ ತೆಗೆದು ಕಬ್ಬಿಣದ ಪಟ್ಟಿಯ 0-9 ವೋಲ್ಟ್, 500 ಮಿಲಿಆಂಪಿಯರ್ ಟ್ರಾನ್ಸ್‌ಫಾರ್ಮರ್. ನಾಲ್ಕು 1ಎನ್4007, ಪ್ರತಿಯೊಂದಕ್ಕೂ ಅಡ್ಡ 0.01 ಮೈಕ್ರೊಫ್ಯಾರಡ್, ನಂತರ 1000 ಮೈಕ್ರೊಫ್ಯಾರಡ್ 35 ವೋಲ್ಟ್, 7805, ಅದರಿಂದ ಎಂಸಿಪಿ1700. ಲೈನ್ 180 ವೋಲ್ಟ್‌ಗೆ ಇಳಿದರೂ 7805ಕ್ಕೆ ಬೇಕಾದ 7 ವೋಲ್ಟ್ ಸಿಗುತ್ತದೆ. 5 ವೋಲ್ಟ್ ರಿಲೇಗೆ ಬಿಸಿ337 ಟ್ರಾನ್ಸಿಸ್ಟರ್, ಬೇಸ್‌ಗೆ 1 ಕಿಲೋಓಮ್, ಕಾಯಿಲ್‌ಗೆ ತಲೆಕೆಳಗಾಗಿ ಒಂದು 1ಎನ್4007. ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಜಾಗದಲ್ಲಿ ಇವೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ.

ಅಡಾಪ್ಟರ್ ಬದಲಾಯಿಸಲು ಆಗದ ಕಡೆ, ಉದಾಹರಣೆಗೆ ವೈಫೈ ರೌಟರ್ ಅಥವಾ ಕ್ಯಾಮೆರಾ ಇದ್ದಲ್ಲಿ, ಫೆರೈಟ್ ರಿಂಗ್ ಸಹಾಯಕ್ಕೆ ಬರುತ್ತದೆ. ರಿಂಗ್ ಎಂದರೆ ಯಾವುದೋ ಒಂದು ಎಂದುಕೊಳ್ಳಬೇಡಿ, ಫೆರೈಟ್‌ನ ಮಿಶ್ರಣಕ್ಕೆ, ಅಂದರೆ ಮಿಕ್ಸ್‌ಗೆ, ಒಂದೊಂದು ಸಂಖ್ಯೆ ಇರುತ್ತದೆ. ಮಿಕ್ಸ್ 31 ಕೆಲಸ ಮಾಡುವುದು 1ರಿಂದ 300 ಮೆಗಾಹರ್ಟ್ಸ್‌ಗೆ, ಮಿಕ್ಸ್ 43 ಸುಮಾರು 25ರಿಂದ 300ಕ್ಕೆ, 433 ಮತ್ತು 866ಕ್ಕೆ ಬೇಕಾದದ್ದು ಮಿಕ್ಸ್ 61. ಮೀಡಿಯಂ ವೇವ್ ಗದ್ದಲಕ್ಕೆ ಮಿಕ್ಸ್ 31ರ ದೊಡ್ಡ ರಿಂಗ್‌ನಲ್ಲಿ ಅಡಾಪ್ಟರ್‌ನ ಎರಡೂ ವೈರ್ ಒಟ್ಟಿಗೆ 8ರಿಂದ 10 ಸುತ್ತು. ಸುತ್ತು ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ, ಆದ್ದರಿಂದ ವೈರ್ ಮೇಲೆ ಕ್ಲಿಪ್ ಮಾಡುವ ಒಂದು ತುಂಡು ಮೀಡಿಯಂ ವೇವ್‌ನಲ್ಲಿ ಏನೂ ಮಾಡದು. ಯುಎಚ್‌ಎಫ್‌ನಲ್ಲಿ (433, 866ರಂಥ ಕಡೆ) ಇದಕ್ಕೆ ತದ್ವಿರುದ್ಧ: ಒಂದೆರಡು ಸುತ್ತು ಸಾಕು, ಹೆಚ್ಚಿದರೆ ಸುತ್ತುಗಳ ನಡುವಿನ ಕೆಪಾಸಿಟನ್ಸ್‌ನಿಂದಲೇ ಗದ್ದಲ ದಾಟಿಹೋಗುತ್ತದೆ.

ಸ್ಟಾರ್ಟರ್ ಡಬ್ಬಿಯ ಕಂಟ್ರೋಲ್ ಸಪ್ಲೈಗೆ 3 ಆಂಪಿಯರ್‌ನ ರೆಡಿಮೇಡ್ ಲೈನ್ ಫಿಲ್ಟರ್ ಹಾಕಿದೆ. ಮೋಟರ್‌ನ ಕರೆಂಟ್ ಇದರ ಮೂಲಕ ಹೋಗಬಾರದು. ಫಿಲ್ಟರ್‌ನೊಳಗೆ ಲೈನ್ ಮತ್ತು ನ್ಯೂಟ್ರಲ್‌ನಿಂದ ಅರ್ಥ್‌ಗೆ ವೈ ಕೆಪಾಸಿಟರ್ ಇರುತ್ತವೆ, ಆದ್ದರಿಂದ ಅರ್ಥಿಂಗ್ ಸರಿ ಇರಲೇಬೇಕು. ಅರ್ಥ್ ಕಿತ್ತುಹೋಗಿದ್ದರೆ ಡಬ್ಬಿಯ ಮೈ ಮೀಟರ್‌ನಲ್ಲಿ ನೂರು ವೋಲ್ಟ್ ಮೇಲೆ ತೋರಿಸುತ್ತದೆ, ಮುಟ್ಟಿದರೆ ಚುರುಗುಟ್ಟುತ್ತದೆ. ನೀರಿನ ಮೋಟರ್ ಪಕ್ಕ, ಒದ್ದೆ ನೆಲದ ಮೇಲೆ ನಿಂತು ಮುಟ್ಟುವ ಡಬ್ಬಿ ಅದು. ಮೊದಲು ಅರ್ಥಿಂಗ್ ಮತ್ತು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ಲೈನ್ ಕಡಿಯುವ ಸ್ವಿಚ್), ಆಮೇಲೆ ಫಿಲ್ಟರ್.

ಆಂಟೆನಾ

866 ಮೆಗಾಹರ್ಟ್ಸ್‌ನ ತರಂಗದ ಉದ್ದ 34.6 ಸೆಂ.ಮೀ., ಅದರ ಕಾಲು ಭಾಗ 8.65. ತಂತಿಯಲ್ಲಿ ಸ್ವಲ್ಪ ಗಿಡ್ಡವಾಗಬೇಕು, 8.2 ಸೆಂ.ಮೀ. ಆಸುಪಾಸು ಸರಿಹೋಗುತ್ತದೆ. ನಡುವೆ ಒಂದು, ಕೆಳಕ್ಕೆ ಓರೆಯಾಗಿ ಬಾಗಿಸಿದ ಇನ್ನು ನಾಲ್ಕು ತಂತಿ, ಒಂದು ಎಸ್‌ಎಂಎ (ಆಂಟೆನಾ ಕೇಬಲ್ ಜೋಡಿಸುವ) ಸಾಕೆಟ್: ಇಷ್ಟರಲ್ಲಿ ಮನೆಯಲ್ಲೇ ಆಗುತ್ತದೆ. 433ಕ್ಕೆ ಇದೇ ಲೆಕ್ಕದಲ್ಲಿ ಕಾಲು ತರಂಗ 17.3. ಆಂಟೆನಾ ತಗಡಿನ ಡಬ್ಬಿಯಿಂದ ಹೊರಗೆ, ಬಲ್ಬ್ ಮತ್ತು ವೈರಿಂಗ್‌ನಿಂದ ಕನಿಷ್ಠ ಒಂದು ಮೀಟರ್ ಆಚೆ ಇರಲಿ. ನಡುವೆ ಆರ್‌ಜಿ58 ಕೇಬಲ್ ಒಂದೂವರೆ ಮೀಟರ್ ಹಾಕಿದರೆ ನಷ್ಟ 1 ಡಿಬಿಯಷ್ಟು, ಲೆಕ್ಕಕ್ಕಿಲ್ಲ.

ಮೇಲೆ ಎರಡು ವಿಷಯ ನೋಡಿ. ತುಂಬಿದ ಟ್ಯಾಂಕ್ ಈ ಫ್ರೀಕ್ವೆನ್ಸಿಗೆ ಗೋಡೆ ಇದ್ದಂತೆ. ಟ್ಯಾಂಕ್ ಖಾಲಿಯಾದಾಗ ಬರುವ ಸಿಗ್ನಲ್ ತುಂಬಿದಾಗ ಬಾರದೆ ಹೋಗಬಹುದು, ನಮಗೆ ಸಂದೇಶ ಬೇಕಾದದ್ದು ಸರಿಯಾಗಿ ಅದೇ ಹೊತ್ತಿಗೆ. ಆಂಟೆನಾವನ್ನು ಟ್ಯಾಂಕಿನ ಮೈಗೆ ಅಂಟಿಸದೆ ಬದಿಗೆ ಸರಿಸಿ. ಇನ್ನೊಂದು, ನೆಟ್ಟಗೆ ನಿಂತ ಆಂಟೆನಾ ತನ್ನ ನೆತ್ತಿಯ ಮತ್ತು ಬುಡದ ದಿಕ್ಕಿಗೆ ಅತಿ ಕಡಿಮೆ ಪ್ರಸಾರ ಮಾಡುತ್ತದೆ. ಮೋಟರ್ ಸರಿಯಾಗಿ ಟ್ಯಾಂಕಿನ ಕೆಳಗೇ ಇದ್ದರೆ, ಎರಡೂ ಆಂಟೆನಾಗಳನ್ನು ನೆಟ್ಟಗೆ ನಿಲ್ಲಿಸುವುದು ಅತಿ ಕೆಟ್ಟ ಆಯ್ಕೆ. ಎರಡನ್ನೂ ಅಡ್ಡ ಮಲಗಿಸಿ, ಒಂದಕ್ಕೊಂದು ಸಮಾನಾಂತರವಾಗಿಡಿ.

ಸಂದೇಶ ಬಾರದಿದ್ದರೆ ಮೋಟರ್ ನಿಲ್ಲಬೇಕು

ಹಳೆಯ ಸೆಟ್‌ನ ದೊಡ್ಡ ದೋಷ ಗದ್ದಲ ಅಲ್ಲ, ಅದರ ತರ್ಕ. "ತುಂಬಿತು" ಎಂಬ ಒಂದೇ ಸಂದೇಶ ಬಂದಾಗ ಮಾತ್ರ ಅದು ಮೋಟರ್ ನಿಲ್ಲಿಸುತ್ತಿತ್ತು. ಆ ಒಂದು ಸಂದೇಶ ತಪ್ಪಿದರೆ ನೀರು ಹರಿಯುತ್ತಲೇ ಇರುತ್ತದೆ. ರೇಡಿಯೊ ಕೊಂಡಿ ಯಾವಾಗ ಬೇಕಾದರೂ ಕಡಿಯಬಹುದು ಎಂದು ಒಪ್ಪಿಕೊಂಡೇ ಪ್ರೋಗ್ರಾಮ್ ಬರೆಯಬೇಕು. ಹೊಸದರಲ್ಲಿ ಮೇಲಿನ ಡಬ್ಬಿ ನಿಮಿಷಕ್ಕೊಮ್ಮೆ ಟ್ಯಾಂಕಿನ ಸ್ಥಿತಿ ಕಳಿಸುತ್ತದೆ. ಪಕ್ಕದ ಮನೆಯ ಸಾಧನದೊಂದಿಗೆ ಪ್ರತಿ ಸಲ ಡಿಕ್ಕಿಯಾಗದಂತೆ 60 ಸೆಕೆಂಡ್‌ಗೆ 5 ಸೆಕೆಂಡ್ ಆಚೀಚೆ. ಸತತ 3 ನಿಮಿಷ ಏನೂ ಬಾರದಿದ್ದರೆ ಕೆಳಗಿನ ಡಬ್ಬಿ ಮೋಟರ್ ನಿಲ್ಲಿಸಿ ಬಜರ್ ಬಾರಿಸುತ್ತದೆ. ಚಾಲೂ ಮಾಡಲು "ಖಾಲಿ" ಎಂಬ ಎರಡು ಸಂದೇಶ ಒಂದರ ಹಿಂದೊಂದು ಬರಬೇಕು, ನಿಲ್ಲಿಸಲು "ತುಂಬಿತು" ಒಂದೇ ಸಾಕು. ರೀಸೆಟ್ ಆದ ಮೇಲೆ ರಿಲೇ ಯಾವಾಗಲೂ ಆಫ್ ಸ್ಥಿತಿಯಲ್ಲೇ ಏಳಬೇಕು.

ಇದರ ಮೇಲೆ ಒಂದು ಸಮಯದ ಮಿತಿ. ಖಾಲಿ ಟ್ಯಾಂಕ್ ತುಂಬಲು ಎಷ್ಟು ನಿಮಿಷ ಹಿಡಿಯುತ್ತದೆ ಎಂದು ಅಳೆದು ಅದರ ಒಂದೂಕಾಲು ಪಟ್ಟನ್ನು ಗರಿಷ್ಠ ಎಂದು ಇಡಿ. ಸಂಪಿನಲ್ಲಿ ನೀರಿಲ್ಲದೆ ಮೋಟರ್ ಒಣಗಿ ಓಡುವುದನ್ನು ತಡೆಯಲು ಸಂಪಿಗೆ ಪ್ರತ್ಯೇಕ ಫ್ಲೋಟ್, ಅದು ವೈರ್‌ನಲ್ಲೇ ಇರಲಿ.

10 ಬೈಟ್‌ನಲ್ಲಿ ಹಿಡಿಸಿದ್ದು: ಸಾಧನದ ಗುರುತು 2, ಕ್ರಮಸಂಖ್ಯೆ 2, ನೀರಿನ ಮಟ್ಟ 1, ಬ್ಯಾಟರಿ ವೋಲ್ಟೇಜ್ 2, ಸ್ಥಿತಿ 1, ಪರಿಶೀಲನಾ ಸಂಕೇತ 2. ಕ್ರಮಸಂಖ್ಯೆ ಇದ್ದರೆ ಎಷ್ಟು ಸಂದೇಶ ತಪ್ಪಿದವು ಎಂದು ಲೆಕ್ಕ ಹಾಕಬಹುದು, ಪರೀಕ್ಷೆಗೆ ಅದೇ ಅಳತೆಗೋಲು.

ಪರೀಕ್ಷೆ ಹೀಗೆ: ಪ್ರಸಾರವನ್ನು ಸ್ವಲ್ಪ ಹೊತ್ತು ಸೆಕೆಂಡ್‌ಗೊಂದಕ್ಕೆ ಏರಿಸಿ, ಟ್ಯಾಂಕ್ ತುಂಬಿಸಿಟ್ಟು, ಮನೆಯ ಎಲ್ಲ ದೀಪ ಹೊತ್ತಿಸಿ 100 ಸಂದೇಶ ಎಣಿಸಿ. ನಂತರ ರಿಸೀವರ್ ಪಕ್ಕ ಡ್ರಿಲ್ ಮಷೀನ್ ಓಡಿಸಿ ಇನ್ನೊಂದು ನೂರು. ಅದರ ಬ್ರಷ್‌ಗಳ ಕಿಡಿಗಿಂತ ಒರಟು ಗದ್ದಲ ಮನೆಯಲ್ಲಿ ಇನ್ನೊಂದಿಲ್ಲ. ಕಾಂಟ್ಯಾಕ್ಟರ್ ಅನ್ನು ಪದೇಪದೇ ಹಾಕಿ ತೆಗೆದು ರೀಸೆಟ್ ಆಗುತ್ತದೆಯೇ ನೋಡಿ. ಕೊನೆಗೆ, ಮೋಟರ್ ಓಡುತ್ತಿರುವಾಗ ಮೇಲಿನ ಡಬ್ಬಿಯ ಸ್ವಿಚ್ ತೆಗೆದು ಗಡಿಯಾರ ಹಿಡಿಯಿರಿ. ಆಂಟೆನಾ ಕೀಳಬೇಡಿ, ಪ್ರಸಾರದ ಐಸಿ ಹಾಳಾಗುತ್ತದೆ. ಮೂರು ನಿಮಿಷಕ್ಕೆ ಮೋಟರ್ ನಿಲ್ಲದಿದ್ದರೆ ಸೆಟ್ ಅನ್ನು ಆ ಮನೆಯಲ್ಲಿ ಬಿಟ್ಟು ಬರಬೇಡಿ.

ಬಂದ ಸಿಗ್ನಲ್ ಎಷ್ಟು ಗಟ್ಟಿ ಎಂದು ಹೇಳುವ ಆರ್‌ಎಸ್‌ಎಸ್‌ಐ ಸಂಖ್ಯೆಯನ್ನು ಡಬ್ಬಿಯ ಮುಚ್ಚಳದ ಒಳಗೆ ಬರೆದಿಡಿ. ಈ ಸೆಟ್ಟಿಂಗ್‌ನಲ್ಲಿ ಎಸ್‌ಎಕ್ಸ್1276 ಸುಮಾರು ಮೈನಸ್ 123 ಡಿಬಿಎಂವರೆಗೆ ಓದಬಲ್ಲದು. ಮೈನಸ್ 80 ಆಸುಪಾಸು ಸಿಕ್ಕಿದರೆ 40 ಡಿಬಿ ಮೀಸಲು ಇದೆ. ಮಳೆಗಾಲ ಮುಗಿದ ಮೇಲೆ ಸಂಖ್ಯೆ 15ರಷ್ಟು ಕುಸಿದಿದ್ದರೆ ಮೊದಲು ಎಸ್‌ಎಂಎ ಸಾಕೆಟ್ ಬಿಚ್ಚಿ ನೀರು ಇಳಿದಿದೆಯೇ ನೋಡಿ.